‘ಬೈಕಿಂದ ಬಿದ್ದ’ ಅಂತ ಬರೆಸುವ ಮುಂಚೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ನಾಲ್ಕು ಸಾಲಿನ ಒಂದು ಸುದ್ದಿ ಇರುತ್ತದೆ. ಬೈಕಿಗೆ ಗಾಡಿ ಡಿಕ್ಕಿ, ಸವಾರನ ಕಾಲು ಮುರಿತ, ಆಸ್ಪತ್ರೆಗೆ ದಾಖಲು, ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ. ಅಷ್ಟೇ. ಆಮೇಲೆ ಆ ಮನೆಯವರು ಯಾವ ಯಾವ ಕಾಗದಕ್ಕೆ ಎಲ್ಲೆಲ್ಲಿ ಅಲೆದರು ಅನ್ನುವುದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ನಾನು ಅಲೆದವನು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾದರೂ ದಯವಿಟ್ಟು ಹಾಕಿ.

2022ರ ಜುಲೈ. ನನ್ನ ತಮ್ಮ ಗಾರೆ ಕೆಲಸದವನು, ಆಗ ಅವನಿಗೆ 34 ವರ್ಷ. ಸಂಜೆ ಕೆಲಸ ಮುಗಿಸಿಕೊಂಡು ಬರುವಾಗ ಎಳನೀರು ತುಂಬಿದ್ದ ಒಂದು ಲಗೇಜ್ ಗಾಡಿ ಅಡ್ಡ ತಿರುಗಿ ಗುದ್ದಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಿದ್ದರು, ನಾನು ಓಡಿ ಹೋಗುವಷ್ಟರಲ್ಲಿ ಅವನು ಸ್ಟ್ರೆಚರ್ ಮೇಲೆ ನರಳುತ್ತಿದ್ದ. ಎಮರ್ಜೆನ್ಸಿ ಕೌಂಟರಿನಲ್ಲಿ ಕೂತಿದ್ದವರು ತಲೆ ಎತ್ತದೆ "ಏನಾಯ್ತು?" ಅಂದರು. ನಾನು "ಬೈಕಿಂದ ಬಿದ್ದ ಸಾರ್" ಅಂದೆ. ನಮ್ಮ ಕಡೆ ಹಾಗೆಯೇ ಅಲ್ವಾ ಹೇಳುವುದು? ಲಾರಿ ಗುದ್ದಿದರೂ ಬೈಕಿಂದ ಬಿದ್ದ, ಬಸ್ಸು ತಗುಲಿದರೂ ಬೈಕಿಂದ ಬಿದ್ದ. ಅವರು ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸುಗಳನ್ನು ಬರೆಯುವ ಆಸ್ಪತ್ರೆಯ ಪುಸ್ತಕದಲ್ಲಿ, ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡರು. ಸೆಲ್ಫ್ ಫಾಲ್, ಅಂದರೆ ತಾನೇ ಬಿದ್ದದ್ದು.

ಆ ಎರಡು ಪದ ನಮ್ಮನ್ನು ಎರಡು ವರ್ಷಕ್ಕಿಂತ ಜಾಸ್ತಿ ಕಾಡಿತು. ಅಪಘಾತದ ಪರಿಹಾರ ಕೇಳಿ ನಾವು ಕೇಸು ಹಾಕಿದ ನ್ಯಾಯಮಂಡಳಿಯಲ್ಲಿ, ಗುದ್ದಿದ ಗಾಡಿಯ ಇನ್ಶೂರೆನ್ಸ್ ಕಂಪನಿಯ ವಕೀಲರು ಪಾಟೀಸವಾಲಿಗೆ ನಿಂತಾಗ ಕೈಯಲ್ಲಿ ಹಿಡಿದುಕೊಂಡಿದ್ದು ಆ ಒಂದೇ ಹಾಳೆ. "ಆಸ್ಪತ್ರೆಯಲ್ಲಿ ಬರೆಸಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ?" ಅಂತ ಕೇಳಿದರು. ತಮ್ಮನ ಮುಖ ನೋಡಬೇಕಿತ್ತು. ಅವನು ಬರೆಸಿದ್ದೇ ಅಲ್ಲ, ಬರೆಸಿದ್ದು ನಾನು.

ಕಂಪನಿಯವರನ್ನೂ ಪೂರ್ತಿ ತಪ್ಪು ಅನ್ನಲಾರೆ. ತಾನೇ ಸ್ಕಿಡ್ ಆಗಿ ಬಿದ್ದವನು ಪರಿಚಯದವರ ಇನ್ಶೂರೆನ್ಸ್ ಇರುವ ಗಾಡಿಯನ್ನು ಎಫ್‌ಐಆರ್‌ಗೆ ತಂದು ಸೇರಿಸುವ ಕಳ್ಳಾಟ ನಡೆಯುತ್ತದೆ, ಇದು ಕೋರ್ಟು ಕಚೇರಿ ಸುತ್ತಿದ ಎಲ್ಲರಿಗೂ ಗೊತ್ತು. ಅದಕ್ಕೇ ಮೊದಲ ದಿನ ಆಸ್ಪತ್ರೆಯಲ್ಲಿ ಏನು ಹೇಳಿದ್ದಾರೆ ಅನ್ನುವುದನ್ನು ಕಂಪನಿಯವರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಯಾರೋ ಮಾಡಿದ ಮೋಸಕ್ಕೆ ನಿಜವಾಗಿ ಏಟು ತಿಂದವನು ಬೆಲೆ ಕಟ್ಟುತ್ತಾನೆ. ನಿಮಗೆ ಯಾರಾದರೂ ಹಾಗೆ ಗಾಡಿ "ಹೊಂದಿಸಿ ಕೊಡ್ತೀವಿ" ಅಂದರೆ ಹತ್ತಿರ ಸೇರಿಸಬೇಡಿ, ಸಿಕ್ಕಿಬಿದ್ದರೆ ಪರಿಹಾರದ ಮಾತಿರಲಿ, ಕ್ರಿಮಿನಲ್ ಕೇಸು ಮೈಮೇಲೆ ಬರುತ್ತದೆ.

ಹಾಗಾಗಿ ಮೊದಲ ಮಾತು, ಕೌಂಟರಿನಲ್ಲಿ ಕೇಳಿದಾಗ ಒಂದು ಉಸಿರು ತಗೊಂಡು ನಡೆದದ್ದನ್ನು ನಡೆದ ಹಾಗೆ ಹೇಳಿ. ಯಾವ ಗಾಡಿ, ಯಾವ ಜಾಗ, ಎಷ್ಟು ಹೊತ್ತಿಗೆ. ನಂಬರ್ ಗೊತ್ತಿದ್ದರೆ ನಂಬರ್, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ. ಬರೆದಾದ ಮೇಲೆ "ಏನು ಬರೆದ್ರಿ, ಒಂದ್ಸಲ ಓದಿ ಸಾರ್" ಅಂತ ಕೇಳುವುದಕ್ಕೆ ನಾಚಿಕೆ ಬೇಡ.

ನಮ್ಮ ಕೇಸು ಕೊನೆಗೆ ಉಳಿದದ್ದು ಹೇಗೆ ಅಂದರೆ, ಅದರಲ್ಲಿ ನಮ್ಮ ಜಾಣತನ ಏನೂ ಇಲ್ಲ. ಟೀ ಅಂಗಡಿಯ ಹುಡುಗನೊಬ್ಬ ಗಾಡಿ ಹೊರಡುವ ಮುಂಚೆ ಮೊಬೈಲಿನಲ್ಲಿ ಎರಡು ಫೋಟೋ ಹೊಡೆದಿದ್ದ. ಬಂಪರ್ ಮೇಲೆ ನಮ್ಮ ಬೈಕಿನ ಹಸಿರು ಬಣ್ಣ ಕೆರೆದುಕೊಂಡು ಹೋಗಿದ್ದು ಅದರಲ್ಲಿ ಕಾಣುತ್ತಿತ್ತು. ಆಮೇಲೆ ಮೋಟಾರು ವಾಹನ ಇನ್‌ಸ್ಪೆಕ್ಟರ್ ಎರಡೂ ಗಾಡಿ ನೋಡಿ ಕೊಟ್ಟ ವರದಿ, ಅದನ್ನು ಐಎಂವಿ ರಿಪೋರ್ಟ್ ಅನ್ನುತ್ತಾರೆ, ಅದರಲ್ಲಿ ಯಾವ ಗಾಡಿಯ ಯಾವ ಭಾಗ ಜಖಂ ಆಗಿದೆ ಅಂತ ಬರೆದಿತ್ತು. ಎರಡೂ ಹೊಂದಿಕೊಂಡವು. ಇಲ್ಲೂ ನಾನು ಒಂದು ತಪ್ಪು ಮಾಡುವುದರಲ್ಲಿದ್ದೆ. ಬೈಕು ರಸ್ತೆ ಬದಿ ಯಾಕೆ ಬಿದ್ದಿರಬೇಕು ಅಂತ ಮಾರನೇ ದಿನವೇ ಗ್ಯಾರೇಜಿಗೆ ಎಳೆಸಿದ್ದೆ. ಮೆಕ್ಯಾನಿಕ್ಕೇ "ಅಣ್ಣಾ, ಕಂಪ್ಲೇಂಟ್ ಆಗಿದ್ಯಾ? ಆಗದೆ ಕೈ ಹಾಕಲ್ಲ" ಅಂದ. ಅವನಿಗಿದ್ದ ತಿಳಿವಳಿಕೆ ನನಗಿರಲಿಲ್ಲ. ತಪಾಸಣೆ ಮುಗಿಯುವ ತನಕ ಗಾಡಿ ರಿಪೇರಿ ಮಾಡಿಸಬೇಡಿ. ಒಡೆದ ಹೆಲ್ಮೆಟ್ ಎಸೆಯಬೇಡಿ.

ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಸಿಸಿ ಕ್ಯಾಮೆರಾ ಇತ್ತು. ನನಗೆ ಹೊಳೆದದ್ದು ಒಂದೂವರೆ ತಿಂಗಳಾದ ಮೇಲೆ. ಅಷ್ಟರಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಎಲ್ಲ ಅಳಿಸಿಹೋಗಿತ್ತು. ಇಂಥ ಕ್ಯಾಮೆರಾಗಳಲ್ಲಿ ಹದಿನೈದು ದಿನವೋ ಒಂದು ತಿಂಗಳೋ ಇರುತ್ತದೆ, ಅಷ್ಟೇ. ಆ ವಾರದಲ್ಲೇ ಅಂಗಡಿಯವರನ್ನು ಕೇಳಿ, ತನಿಖಾಧಿಕಾರಿಗೂ ಒಂದು ಅರ್ಜಿ ಬರೆದುಕೊಟ್ಟು ಸೀಲು ಹಾಕಿಸಿಕೊಳ್ಳಿ. ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೆ ಸಾಲದು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಫೋಟೋಗೂ ಅದೇ. ಮೂಲ ಫೋಟೋ ಇರುವ ಫೋನನ್ನು ಮಾರಿಬಿಡಬೇಡಿ, ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಫೋಟೋಗೆ ಅಷ್ಟು ತೂಕ ಇರುವುದಿಲ್ಲ.

ದೂರು ಕೊಡುವುದಕ್ಕೆ ನಾವು ನಾಲ್ಕು ದಿನ ತಡ ಮಾಡಿದೆವು. ಯಾಕೆಂದರೆ ಗಾಡಿ ಮಾಲೀಕರ ಕಡೆಯವರು ಆಸ್ಪತ್ರೆಗೇ ಬಂದು ಹಣ್ಣು ಕೊಟ್ಟು, ಇಪ್ಪತ್ತು ಸಾವಿರ ಕೊಡುತ್ತೇವೆ, ಸ್ಟೇಷನ್ನು ಗೀಷನ್ನು ಬೇಡ ಅಂದರು. ಊರಿನ ಹಿರಿಯರೂ ಹೌದು ಅಂದರು. ಆಪರೇಷನ್ ಬಿಲ್ಲೇ ಒಂದೂಕಾಲು ಲಕ್ಷ ದಾಟಿತ್ತು! ದುಡ್ಡು ಕೊಡಬೇಕಾದದ್ದು ಇನ್ಶೂರೆನ್ಸ್ ಕಂಪನಿ, ಮಾಲೀಕನ ಜೇಬಿನಿಂದ ಅಲ್ಲ, ಇದು ನಮಗೂ ಗೊತ್ತಿರಲಿಲ್ಲ, ಬಹುಶಃ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಾಡಿಗೆ ಇನ್ಶೂರೆನ್ಸ್ ಇದೆಯಾ, ಯಾವ ಕಂಪನಿಯದು, ಯಾವಾಗ ಮುಗಿಯುತ್ತದೆ ಅಂತ ಎಂಪರಿವಾಹನ್ ಆಪಿನಲ್ಲಿ ನಂಬರ್ ಹಾಕಿದರೆ ಕಾಣುತ್ತದೆ. ತಡವಾಗಿ ದೂರು ಕೊಟ್ಟ ಮಾತ್ರಕ್ಕೆ ಕ್ಲೇಮು ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟು 2011ರಲ್ಲಿ ರವಿ ಪ್ರಕರಣದಲ್ಲಿ ಹೇಳಿದೆ, ನಮ್ಮ ವಕೀಲರು ಅದನ್ನೇ ತೋರಿಸಿದರು. ಆದರೂ ತಡ ಯಾಕಾಯಿತು ಅನ್ನುವುದನ್ನು ದೂರಿನಲ್ಲೇ ಒಂದು ಸಾಲು ಬರೆದಿದ್ದರೆ ಅಷ್ಟು ಬೆವರು ಸುರಿಸುವುದು ತಪ್ಪುತ್ತಿತ್ತು. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು, ಅದು ನಮ್ಮ ಹಕ್ಕು. ಸ್ಥಳ ಮಹಜರು ಮತ್ತು ನಕ್ಷೆ ಮಾಡುವಾಗ ಮನೆಯವರು ಒಬ್ಬರಾದರೂ ಜೊತೆಗಿರಿ. ಗಾಡಿ ರಸ್ತೆಯ ಎಡಕ್ಕಿತ್ತೋ ಬಲಕ್ಕಿತ್ತೋ ಅನ್ನುವ ಒಂದು ಗೆರೆ ಆಮೇಲೆ ನಿಮ್ಮದೇ ಅರ್ಧ ತಪ್ಪು ಅಂತ ಪರಿಹಾರ ಕತ್ತರಿಸುವುದಕ್ಕೆ ಸಾಕಾಗುತ್ತದೆ.

ಇನ್ನು ನಮ್ಮವರ ಹಳೆಯ ಅಭ್ಯಾಸ, ಮುರಿದ ಮೂಳೆಗೆ ನಾಟಿ ವೈದ್ಯರು ಕಟ್ಟುವ ಪುತ್ತೂರು ಕಟ್ಟು. ಬಸ್‌ ಸ್ಟ್ಯಾಂಡಿಗೊಂದು ಬೋರ್ಡು ಇರುತ್ತದೆ. ಅದರಿಂದ ಗುಣ ಆದವರು ಇದ್ದಾರೆ, ಆಗದವರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ. ಆದರೆ ಅಲ್ಲಿ ಸಾಮಾನ್ಯವಾಗಿ ಎಕ್ಸ್‌ರೇ ಇಟ್ಟುಕೊಳ್ಳುವುದಿಲ್ಲ, ಬಿಲ್ ಇಲ್ಲ, ಪೊಲೀಸರಿಗೆ ತಿಳಿಸುವುದಿಲ್ಲ. ನೇರ ಅಲ್ಲಿಗೆ ಹೋಗಿ ಮೂರು ತಿಂಗಳು ಮಲಗಿದವನಿಗೆ ತನ್ನ ಕಾಲು ಅಪಘಾತದಲ್ಲಿ ಮುರಿಯಿತು ಅಂತ ತೋರಿಸುವುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಮೊದಲು ಆಸ್ಪತ್ರೆಯಲ್ಲಿ ತೋರಿಸಿ, ಎಂಎಲ್‌ಸಿ ಮಾಡಿಸಿ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ.

ಬಿಲ್ಲಿನ ವಿಷಯದಲ್ಲಿ ನನ್ನ ಹೆಂಡತಿಗೆ ಕೈ ಮುಗಿಯಬೇಕು. ಔಷಧಿ ಅಂಗಡಿಯ ಚೀಟಿಯಿಂದ ಹಿಡಿದು ಆಟೋ ಬಾಡಿಗೆ ತನಕ ಒಂದು ಬಿಸ್ಕತ್ ಡಬ್ಬಿಯಲ್ಲಿ ತುಂಬಿಸಿಟ್ಟಿದ್ದಳು. ಕೆಲವು ಬಿಲ್ಲಿನ ಮಸಿ ಆರು ತಿಂಗಳಿಗೇ ಮಾಸಿ ಖಾಲಿ ಕಾಗದ ಆಗಿತ್ತು, ಆ ತೆಳು ಕಾಗದದ ಬಿಲ್ಲುಗಳ ಹಣೆಬರಹವೇ ಅದು, ಕೂಡಲೇ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಬಿಲ್ಲಿನ ಜೊತೆ ಡಾಕ್ಟರ ಚೀಟಿ ಇಲ್ಲದಿದ್ದರೆ ಅದನ್ನೂ ಪ್ರಶ್ನಿಸುತ್ತಾರೆ. ಮೆಡಿಕ್ಲೇಮ್ ಇರುವವರು ಮೂಲ ಬಿಲ್ಲು ಆ ಕಂಪನಿಗೆ ಕೊಡುವ ಮುಂಚೆ ಆಸ್ಪತ್ರೆಯಿಂದ ದೃಢೀಕರಿಸಿದ ಪ್ರತಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಈಗ 2025ರ ಮೇ ತಿಂಗಳಿಂದ ಕೇಂದ್ರದ ಒಂದು ಯೋಜನೆ ಬಂದಿದೆ, ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದ ತನಕ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ. ನಮ್ಮ ಕಾಲಕ್ಕೆ ಇರಲಿಲ್ಲ. ಈಗಿನವರು ಆಸ್ಪತ್ರೆಯಲ್ಲಿ ಕೇಳಿ.

ನಮಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಸಂಪಾದನೆಯ ಪ್ರಶ್ನೆ. ತಮ್ಮ ದಿನಕ್ಕೆ ಸಾವಿರ ರೂಪಾಯಿ ದುಡಿಯುತ್ತಿದ್ದ, ತಿಂಗಳಿಗೆ ಇಪ್ಪತ್ತೈದು ದಿನವಾದರೂ ಕೆಲಸ ಇರುತ್ತಿತ್ತು. ಇದಕ್ಕೆ ಸಾಕ್ಷಿ? ಮೇಸ್ತ್ರಿ "ಬಂದು ಹೇಳ್ತೀನಿ ಬಿಡಿ" ಅಂದಿದ್ದವನು ಸಮನ್ಸ್ ಅಂದ ಕೂಡಲೇ ಫೋನ್ ಎತ್ತುವುದು ಬಿಟ್ಟ. ಸಂಬಳ ಯಾವಾಗಲೂ ಕೈಗೇ ನಗದು. ಆಗ ನ್ಯಾಯಮಂಡಳಿ ಏನು ಮಾಡುತ್ತದೆ? ಲೋಕ ಅದಾಲತ್‌ಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿಟ್ಟ ಪಟ್ಟಿಯೊಂದಿದೆ, ಯಾವ ವರ್ಷದ ಅಪಘಾತಕ್ಕೆ ತಿಂಗಳಿಗೆ ಎಷ್ಟು ಆದಾಯ ಅಂತ. ಪುರಾವೆ ಇಲ್ಲದವರಿಗೆ ಅದೇ ಗತಿ. ನಮಗೆ ಸಿಕ್ಕಿದ್ದು ತಿಂಗಳಿಗೆ ಹದಿನೈದು ಸಾವಿರ ಚಿಲ್ಲರೆ ಅನ್ನುವ ಲೆಕ್ಕ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ, ಅದಕ್ಕೆ ಗುಣಕ ಅನ್ನುತ್ತಾರೆ. 31ರಿಂದ 35 ವರ್ಷದವರಿಗೆ ಗುಣಕ 16, ಇದು ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. ತಿಂಗಳಿಗೆ 15,000 ಅಂದುಕೊಂಡರೆ ವರ್ಷಕ್ಕೆ 1,80,000, ಹದಿನಾರರಿಂದ ಗುಣಿಸಿದರೆ 28,80,000, ಅಂಗವೈಕಲ್ಯ ಶೇ 15 ಅಂತ ಹಿಡಿದರೆ 4,32,000. ಅದೇ 25,000 ಅಂತ ಸಾಬೀತಾಗಿದ್ದರೆ 7,20,000. ಎರಡು ಲಕ್ಷದ ಎಂಬತ್ತೆಂಟು ಸಾವಿರ ಹೋಗಿದ್ದು ಬರೀ ಒಂದು ಲೆಕ್ಕದ ಪುಸ್ತಕ ಇಲ್ಲದ್ದಕ್ಕೆ. ಕೂಲಿ ಕೆಲಸದವರು, ಅಂಗಡಿಯವರು, ದಯವಿಟ್ಟು ಇವತ್ತಿನಿಂದಲೇ ವಾರಕ್ಕೊಮ್ಮೆಯಾದರೂ ಸಂಬಳವನ್ನು ಫೋನ್‌ಪೇನಲ್ಲೋ ಬ್ಯಾಂಕಿಗೋ ಹಾಕಿಸಿಕೊಳ್ಳಿ. ಕಟ್ಟಡ ಕೆಲಸದವರು ಲೇಬರ್ ಕಾರ್ಡ್ ಮಾಡಿಸಿ, ಅದರಿಂದ ಸಂಬಳ ಗೊತ್ತಾಗದಿದ್ದರೂ ಕೆಲಸ ಏನು ಅಂತ ಗೊತ್ತಾಗುತ್ತದೆ.

ವಯಸ್ಸಿಗೂ ಹೀಗೇ. ಹಳ್ಳಿ ಕಡೆ ಎಷ್ಟು ಜನರ ಆಧಾರ್ ಕಾರ್ಡಿನಲ್ಲಿ ಜನವರಿ ಒಂದನೇ ತಾರೀಕು ಇದೆ ಅಂತ ನಿಮಗೇ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತ ಪರಿಹಾರದ ಕೇಸಿನಲ್ಲೇ ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆ ಅಲ್ಲ ಅಂತ ಹೇಳಿ ಶಾಲೆಯ ದಾಖಲೆಯನ್ನು ಒಪ್ಪಿತು. ಟಿ.ಸಿ. ಹುಡುಕಿ ಇಟ್ಟುಕೊಳ್ಳಿ. 35 ದಾಟಿ 36 ಅಂದರೆ ಗುಣಕ 15ಕ್ಕೆ ಇಳಿಯುತ್ತದೆ.

ಮೇಲೆ ಶೇ 15 ಅಂದೆನಲ್ಲ, ಅದರ ಕಥೆಯೂ ಇದೆ. ಡಾಕ್ಟರು ಕಾಲಿಗೆ ಶೇ 45 ವೈಕಲ್ಯ ಅಂದರು. ನಮ್ಮಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ವೈಕಲ್ಯ ಅಂತ ತೆಗೆದುಕೊಳ್ಳುತ್ತಾರೆ. ಕುರ್ಚಿ ಮೇಲೆ ಕೂತು ಕೆಲಸ ಮಾಡುವವರಿಗೆ ಅದು ಸರಿ ಇರಬಹುದು, ಸಾರ್ವೆ ಹತ್ತಿ ಗೋಡೆ ಕಟ್ಟುವವನಿಗೆ? 2011ರ ರಾಜ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಬಡಗಿಗೋ ಡ್ರೈವರಿಗೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ, ಸರ್ಕಾರಿ ಗುಮಾಸ್ತನಿಗೆ ಹೋಗದಿರಬಹುದು. ಹಾಗಾಗಿ ಶೇಕಡಾವಾರು ಬರೆಸಿಕೊಂಡು ಬಂದರೆ ಸಾಲದು, ಈ ಕಾಲಲ್ಲಿ ಈ ಕೆಲಸ ಮಾಡಲು ಆಗುವುದಿಲ್ಲ ಅನ್ನುವುದನ್ನು ಡಾಕ್ಟರ ಬಾಯಲ್ಲಿ ಸಾಕ್ಷಿ ಕಟ್ಟೆಯಲ್ಲಿ ಹೇಳಿಸಬೇಕು. ಅದೂ ಚಿಕಿತ್ಸೆ ಕೊಟ್ಟ ಡಾಕ್ಟರೇ ಆದರೆ ತೂಕ ಜಾಸ್ತಿ. ಕೋರ್ಟಿನ ಹತ್ತಿರ ಸಿದ್ಧ ಸರ್ಟಿಫಿಕೇಟ್ ಕೊಡುವವರ ಬಗ್ಗೆ ಅದೇ ತೀರ್ಪಿನಲ್ಲಿ ಎಚ್ಚರಿಕೆ ಇದೆ. ನಮ್ಮ ಡಾಕ್ಟರು ಮೂರು ಸಲ ದಿನಾಂಕ ತಪ್ಪಿಸಿ ನಾಲ್ಕನೇ ಸಲ ಬಂದರು. ಬಂದರಲ್ಲ, ಅದೇ ದೊಡ್ಡದು.

ಸಮಯದ ಬಗ್ಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಗೆ 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿ, ಆ ವಿಚಾರಣೆ ಮುಗಿಯುವ ತನಕ ತಡವಾಯಿತು ಅಂತ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂತು. ಅದನ್ನು ನಂಬಿಕೊಂಡು ಕೂರಬೇಡಿ, ಬೇಗ ಹಾಕಿ. ಅಪಘಾತ ಎಲ್ಲೇ ಆಗಿದ್ದರೂ ನೀವು ವಾಸ ಇರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಮತ್ತೆ, ಆಸ್ಪತ್ರೆ ವಾರ್ಡಿಗೇ ಬಂದು "ಕೇಸು ನಮಗೆ ಕೊಡಿ" ಅನ್ನುವ ಮಧ್ಯವರ್ತಿಗಳ ಖಾಲಿ ಹಾಳೆಗೆ ಸಹಿ ಹಾಕಬೇಡಿ, ಎಷ್ಟೇ ನೋವಿದ್ದರೂ.

ತೀರ್ಪು ನಮ್ಮ ಕಡೆಗೇ ಬಂತು, ಕೇಳಿದ್ದಕ್ಕಿಂತ ಕಡಿಮೆ. ತಮ್ಮ ಈಗ ಸಾರ್ವೆ ಹತ್ತುವುದಿಲ್ಲ, ಕೆಳಗೆ ಕೂತು ಟೈಲ್ಸ್ ಹಾಕುತ್ತಾನೆ, ಹೊತ್ತು ಇಳಿದಾಗ ಕಾಲು ಊದುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಆಸ್ಪತ್ರೆಯ ಎಮರ್ಜೆನ್ಸಿ ಕೌಂಟರಿನಲ್ಲಿ, ಎಂಎಲ್‌ಸಿಯಲ್ಲಿ ಏನು ಬರೆದೆವು ಅಂತ ಜೊತೆಗೆ ಬಂದವರಿಗೆ ಕನ್ನಡದಲ್ಲಿ ಒಮ್ಮೆ ಓದಿ ಹೇಳಲಿ. ಎರಡು ನಿಮಿಷದ ಕೆಲಸ. ಆರೋಗ್ಯ ಇಲಾಖೆಯವರು ಒಂದು ಸುತ್ತೋಲೆ ಹೊರಡಿಸಿದರೂ ಸಾಕು. ನಿಮ್ಮ ವರದಿಗಾರರಲ್ಲೂ ಒಂದು ವಿನಂತಿ. ಆಸ್ಪತ್ರೆಯಲ್ಲಿ ಕೇಳಿಕೊಂಡದ್ದನ್ನು ಹಾಗೇ ಇಟ್ಟುಕೊಂಡು ‘ಆಯತಪ್ಪಿ ಬಿದ್ದು ಸವಾರನಿಗೆ ಗಾಯ’ ಅಂತ ಬರೆಯುವ ಮುಂಚೆ ಸ್ಥಳದಲ್ಲಿದ್ದವರನ್ನು ಒಂದು ಮಾತು ಕೇಳಿ. ನಮ್ಮ ಅಪಘಾತದ ಸುದ್ದಿ ಒಂದು ಪತ್ರಿಕೆಯಲ್ಲಿ, ನಿಮ್ಮದರಲ್ಲಿ ಅಲ್ಲ, ಹಾಗೇ ಬಂದಿತ್ತು. ಆ ಕಟಿಂಗನ್ನೂ ಕಂಪನಿ ವಕೀಲರು ಫೈಲಿನಲ್ಲಿ ಇಟ್ಟುಕೊಂಡು ಬಂದಿದ್ದರು.

ಇಂತಿ,
ನಿಮ್ಮ ಓದುಗ
ತಿಪಟೂರು ತಾಲ್ಲೂಕು