ಬಾಸ್ವೆಲ್ ಬರೀ ಜಾನ್ಸನ್ ನೆರಳಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಹದಿನೆಂಟನೇ ಶತಮಾನದ ಸ್ಕಾಟಿಷ್ ಬರಹಗಾರ ಜೇಮ್ಸ್ ಬಾಸ್ವೆಲ್ ಬಗ್ಗೆ ಬಂದ ಬರಹ ಓದಿದೆ, ಖುಷಿ ಆಯ್ತು, ಆದ್ರೆ ಓದಿ ಮುಗಿಸಿದ ಮೇಲೆ ಸಮಾಧಾನ ಮಾತ್ರ ಆಗ್ಲಿಲ್ಲ. ಇಂಗ್ಲಿಷ್ ನಿಘಂಟು ಬರೆದ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಹಿಂದೆ ಓಡಾಡ್ಕೊಂಡು ಅವನು ಆಡಿದ ಮಾತೆಲ್ಲ ಬರೆದಿಟ್ಟ, 1791ರಲ್ಲಿ ಆ ದೊಡ್ಡ ಜೀವನಚರಿತ್ರೆ ತಂದ, ಅಷ್ಟಕ್ಕೇ ಬರಹ ಮುಗಿದುಹೋಯ್ತು. ಅವನು ವಕೀಲ ಅನ್ನೋದು ಒಂದೇ ಒಂದು ಪದದಲ್ಲಿ ಬಂದು ಹೋಗಿದೆ, ಪತ್ರಿಕೆಗಳಿಗೆ ಬರೆದಿದ್ದರ ಬಗ್ಗೆಯಂತೂ ಸುದ್ದಿಯೇ ಇಲ್ಲ.

1766ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವಕೀಲಿಕೆ ಶುರು ಮಾಡಿದವನು ಇಪ್ಪತ್ತು ವರ್ಷ ಅದೇ ಅನ್ನ ತಿಂದವನು, ಅಪ್ಪ ಲಾರ್ಡ್ ಆಕಿನ್‌ಲೆಕ್ ಅಲ್ಲಿನ ಸೆಷನ್ ಕೋರ್ಟಿನ, ಅಂದ್ರೆ ಸ್ಕಾಟ್ಲೆಂಡಿನ ಅತಿ ದೊಡ್ಡ ಸಿವಿಲ್ ಕೋರ್ಟಿನ ಜಡ್ಜ್. ಅಲ್ಲಿನ ಸಿವಿಲ್ ಕೇಸಲ್ಲಿ ವಾದ ಅಂದ್ರೆ ಬಾಯಲ್ಲಿ ಹೇಳಿದ್ರೆ ಸಾಲ್ತಿರ್ಲಿಲ್ಲ, ಹೆಚ್ಚಿನದನ್ನೆಲ್ಲ ಬರೆದು ಅಚ್ಚು ಹಾಕ್ಸಿ ಜಡ್ಜ್‌ಗಳ ಕೈಗೆ ಕೊಡಬೇಕಿತ್ತು. ಕೇಳಿಸ್ಕೊಂಡಿದ್ದನ್ನ ತಲೇಲಿ ಇಟ್ಕೊಂಡು, ಎರಡೂ ಕಡೆ ಮಾತನ್ನ ಜೋಡ್ಸಿ, ಟೈಮಿಗೆ ಸರಿಯಾಗಿ ಬರೆದು ಮುಗ್ಸೋ ಅಭ್ಯಾಸ ಇಲ್ಲೇ ಹದವಾಗಿದ್ದು ಅಂತ ನನ್ನ ನಂಬಿಕೆ, ಜಾನ್ಸನ್ ಪುಸ್ತಕದ ಆ ಸಂಭಾಷಣೆಗಳನ್ನ ಓದಿದಾಗೆಲ್ಲ ನನಗೆ ಕೋರ್ಟೇ ನೆನಪಾಗೋದು. 1773ರಲ್ಲಿ ಕಡಿಮೆ ಬೆಲೆಗೆ ಪುಸ್ತಕ ಮರುಮುದ್ರಣ ಮಾಡಿ ಮಾರ್ತಿದ್ದ ಡೊನಾಲ್ಡ್‌ಸನ್ ಪರ ವಾದಿಸಿ ಗೆದ್ದವರಲ್ಲಿ ಇವನೂ ಒಬ್ಬ, ಪುಸ್ತಕದ ಹಕ್ಕು ಪ್ರಕಾಶಕರ ಹತ್ರ ಶಾಶ್ವತವಾಗಿ ಇರೋಕಾಗಲ್ಲ ಅಂತ ಜಡ್ಜ್‌ಗಳು ಹೇಳಿದ್ದನ್ನೆಲ್ಲ ಮರುವರ್ಷ ತಾನೇ ಬರೆದು ಪ್ರಕಟಿಸಿದ.

ಜಾನ್ ರೀಡ್ ವಿಷಯ ಹೇಳಲೇಬೇಕು. ಕುರಿ ಕದ್ದ ಅಂತ 1774ರಲ್ಲಿ ಗಲ್ಲು ಶಿಕ್ಷೆ ಆದ ಬಡವ, ಬಾಸ್ವೆಲ್‌ನ ಮೊದಮೊದಲ ಕಕ್ಷಿದಾರ, ಎಂಟು ವರ್ಷದ ಹಿಂದೆ ಇಂಥದ್ದೇ ಕೇಸಲ್ಲಿ ಅವನನ್ನ ಉಳಿಸಿದ್ದ. ಈ ಸಲ ಆಗ್ಲಿಲ್ಲ. ಆದ್ರೂ ಕೈಬಿಡ್ಲಿಲ್ಲ, ರಾಜನಿಗೆ ಕ್ಷಮಾದಾನದ ಅರ್ಜಿ ಹಾಕಿದ, ರೀಡ್ ತಾನೇ ತನ್ನ ಕಷ್ಟ ಹೇಳ್ಕೊಳ್ತಿರೋ ಹಾಗೆ ಒಂದು ಕರಪತ್ರ ಬರೆದು ಅಚ್ಚು ಹಾಕ್ಸಿದ, ಜೈಲಿಗೆ ಚಿತ್ರಕಾರನ್ನ ಕಳಿಸಿ ಅವನ ಚಿತ್ರ ಬರೆಸಿದ, ಕೊನೆಗೆ ಗಲ್ಲಿಗೇರಿಸಿದ ಮೇಲೆ ದೇಹಕ್ಕೆ ಮತ್ತೆ ಉಸಿರು ಬರೋ ಹಾಗೆ ಮಾಡೋಕಾಗುತ್ತಾ ಅಂತಾನೂ ಏರ್ಪಾಡು ಮಾಡೋಕೆ ಓಡಾಡಿದ, ಜೊತೆಯವರು ಬೇಡ ಅಂತ ತಡೆದ್ರು. ಎಡಿನ್‌ಬರೋದ ಗ್ರಾಸ್‌ಮಾರ್ಕೆಟ್ ಚೌಕದಲ್ಲಿ ರೀಡ್‌ನ ನೇಣಿಗೆ ಹಾಕಿದಾಗ ಬಾಸ್ವೆಲ್ ಅಲ್ಲೇ ನಿಂತಿದ್ದ. ಈ ದಿನಗಳ ಅವನ ದಿನಚರಿ ಓದಿ ನಾನು ಎಷ್ಟೋ ಹೊತ್ತು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ.

ಇನ್ನು ರಾಜಕೀಯ. ಸ್ಕಾಟ್ಲೆಂಡ್ ಜನರಿಗೆ ಅಂತ ಎರಡು ಬಹಿರಂಗ ಪತ್ರ ಬರೆದ. 1783ರದ್ದು ಬ್ರಿಟಿಷ್ ಮಂತ್ರಿ ಫಾಕ್ಸ್ ತಂದ ಈಸ್ಟ್ ಇಂಡಿಯಾ ಕಂಪನಿ ಮಸೂದೆ ವಿರುದ್ಧ, ಕಂಪನಿ ಸನ್ನದನ್ನ ಪಾರ್ಲಿಮೆಂಟ್ ಹೀಗೆ ಕಿತ್ಕೊಂಡ್ರೆ ಯಾರ ಆಸ್ತಿಗೂ ಭದ್ರತೆ ಇರಲ್ಲ ಅನ್ನೋ ವಾದ. ಎರಡನೇದು, 1785ರದ್ದು, ನನಗೆ ಹೆಚ್ಚು ಇಷ್ಟ. ಸೆಷನ್ ಕೋರ್ಟಿನ ಹದಿನೈದು ಜಡ್ಜ್‌ಗಳನ್ನ ಹತ್ತಕ್ಕೆ ಇಳಿಸಿ ಉಳಿದವರಿಗೆ ಸಂಬಳ ಜಾಸ್ತಿ ಮಾಡೋ ಮಸೂದೆ ಬಂದಾಗ, ಇದು ಸ್ಕಾಟ್ಲೆಂಡ್ ಇಂಗ್ಲೆಂಡ್ ಒಂದಾದ 1707ರ ಒಪ್ಪಂದ ಮುರಿದ ಹಾಗೆ ಅಂತ ಎದ್ದು ನಿಂತ, ಅದೂ ಸ್ಕಾಟ್ಲೆಂಡ್ ರಾಜಕಾರಣವನ್ನೆಲ್ಲ ಮುಷ್ಟೀಲಿ ಇಟ್ಕೊಂಡಿದ್ದ ಹೆನ್ರಿ ಡಂಡಾಸ್‌ನ ಎದುರು ಹಾಕ್ಕೊಂಡು. ಡಂಡಾಸ್ ಕೃಪೆ ಇಲ್ದೆ ಅಲ್ಲಿ ಯಾವ ವಕೀಲನಿಗೂ ಒಳ್ಳೆ ಹುದ್ದೆ ಸಿಗ್ತಿರ್ಲಿಲ್ಲ, ಅದು ಗೊತ್ತಿದ್ದೂ ಬರೆದ. ಮಸೂದೆ ಕೈಬಿಟ್ರು. ಬಾಸ್ವೆಲ್‌ಗೆ ಆಸೆಪಟ್ಟ ಪದವಿ ಕೊನೆವರೆಗೂ ಸಿಗ್ಲಿಲ್ಲ.

ಪತ್ರಿಕೆ ನಡೆಸೋ ನಿಮಗೆ ಇದು ಇಷ್ಟ ಆಗಬಹುದು: ಅವನು ಜೀವಮಾನಪೂರ್ತಿ ಪತ್ರಿಕೆಗಳಿಗೆ ಬರೆದವನು, ಬೇರೆ ಬೇರೆ ಹೆಸರಲ್ಲಿ, 'ರ‍್ಯಾಂಪೇಜರ್' ಅನ್ನೋ ಹೆಸರಲ್ಲಂತೂ ಲಂಡನ್ ಪತ್ರಿಕೆಗೆ ವರ್ಷಗಟ್ಟಲೆ. ಮೆಡಿಟರೇನಿಯನ್ ದ್ವೀಪ ಕಾರ್ಸಿಕಾದ ಸ್ವಾತಂತ್ರ್ಯಕ್ಕೆ ಹೋರಾಡ್ತಿದ್ದ ನಾಯಕ ಪಾವೊಲಿ ಪರ ಜನರ ಮನಸ್ಸು ತಿರುಗಿಸೋಕೆ ಸುದ್ದಿ ಬರೆದು ಕಳಿಸ್ತಿದ್ದ, ಕೆಲವು ನಿಜ, ಕೆಲವು ತಾನೇ ಕಟ್ಟಿದ್ದು. ತನ್ನ ಹತ್ರ ಇಟ್ಕೊಂಡ ಪ್ರತಿಯಲ್ಲಿ ಯಾವುದು ನಿಜ ಯಾವುದು ಕಟ್ಟುಕತೆ ಅಂತ ಕೈಯಾರೆ ಗುರುತು ಮಾಡಿಟ್ಟಿದ್ದಾನೆ. ಸುಳ್ಳು ಸುದ್ದಿ ತಪ್ಪೇ, ನಾನದನ್ನ ಸಮರ್ಥಿಸಲ್ಲ. ಆದ್ರೆ ಅದೇ ಮನುಷ್ಯ ಆ ದ್ವೀಪಕ್ಕೆ ಫಿರಂಗಿ ಕಳಿಸೋಕೆ 700 ಪೌಂಡ್ ಚಂದಾ ಎತ್ತಿದ್ದೂ ನಿಜ, 1768ರಲ್ಲಿ ಬಂದ ಅವನ ಕಾರ್ಸಿಕಾ ಪುಸ್ತಕಾನೇ ಅವನಿಗೆ ಮೊದಲು ಹೆಸರು ತಂದುಕೊಟ್ಟಿದ್ದು.

1777ರಿಂದ 1783ರವರೆಗೆ ತಿಂಗಳಿಗೊಂದರಂತೆ ಬರೆದ ಎಪ್ಪತ್ತು ಪ್ರಬಂಧಗಳಿವೆ, ಖಿನ್ನತೆ, ಸಾವಿನ ಭಯ, ಕುಡಿತ, ದಿನಚರಿ ಬರೆಯೋದು, ಹೀಗೆ. ಖಿನ್ನತೆ ಅನುಭವಿಸಿದವನೇ ಅದರ ಬಗ್ಗೆ ಅಷ್ಟು ಮುಚ್ಚುಮರೆ ಇಲ್ದೆ ಬರೆದಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಅವನ ಅತಿ ಕೆಟ್ಟ ಬರಹಾನೂ ಬಿಡಬಾರದು. 1778ರಲ್ಲಿ, ಗುಲಾಮನಾಗಿ ಸ್ಕಾಟ್ಲೆಂಡಿಗೆ ಬಂದು ಬಿಡುಗಡೆ ಕೇಳಿದ ಜೋಸೆಫ್ ನೈಟ್ ಕೇಸಲ್ಲಿ ಸ್ಕಾಟ್ಲೆಂಡಿನ ಕಾನೂನು ಗುಲಾಮಗಿರಿ ಒಪ್ಪಲ್ಲ ಅಂತ ತೀರ್ಪು ಬಂತು, ಇವನಪ್ಪಾನೂ ನೈಟ್ ಪರಾನೇ ನಿಂತ. ಮಗ ಮಾತ್ರ 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬಾರದು ಅಂತ ಒಂದು ಪದ್ಯಾನೇ ಬರೆದ. ರೀಡ್‌ಗಾಗಿ ಅಷ್ಟು ಮರುಗಿದವನು ಇಲ್ಲಿ ಯಾಕೆ ಹೀಗಾದ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತೆ, ಆದ್ರೆ ಓದುಗರಿಗೆ ಇದನ್ನ ಹೇಳ್ದೆ ಬಾಸ್ವೆಲ್‌ನ ಹೊಗಳೋದು ಸರಿಯಲ್ಲ.

ಪುರವಣಿಯಲ್ಲಿ ಜಾಗ ಇದ್ರೆ ಆ ಎಪ್ಪತ್ತು ಪ್ರಬಂಧಗಳಲ್ಲಿ ಒಂದೆರಡನ್ನ ಕನ್ನಡಕ್ಕೆ ಮಾಡ್ಸಿ ಹಾಕಿ, ದಿನಚರಿ ಬಗ್ಗೆ ಇರೋದನ್ನೇ ಮೊದಲು ಹಾಕಿದ್ರೆ ಇನ್ನೂ ಸಂತೋಷ.

ಇಂತಿ,
ನಿಮ್ಮ ಓದುಗ