ವೀಸಾ ಬಂದ ಮೇಲಿನ ಮೊದಲ ತಿಂಗಳ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಶಿಕ್ಷಣ ಪುರವಣಿಯನ್ನು ತಪ್ಪದೆ ಓದುತ್ತೇನೆ. ಹೊರದೇಶದ ಓದಿನ ಬಗ್ಗೆ ಅದರಲ್ಲಿ ಆಗಾಗ ಲೇಖನ ಬರುತ್ತದೆ. ಯಾವ ಪರೀಕ್ಷೆ ಬರೆಯಬೇಕು, ಸಾಲ ಹೇಗೆ ಸಿಗುತ್ತದೆ, ವೀಸಾ ಸಂದರ್ಶನದಲ್ಲಿ ಏನು ಕೇಳುತ್ತಾರೆ, ಎಲ್ಲಾ ಇರುತ್ತದೆ. ಆದರೆ ವಿಮಾನ ಇಳಿದ ಮೇಲೆ ಏನು ಮಾಡಬೇಕು ಅನ್ನೋದು ಮಾತ್ರ ಎಲ್ಲೂ ಕಾಣುವುದಿಲ್ಲ. ನಾನು ಹೊರದೇಶದ ಒಂದು ದೊಡ್ಡ ನಗರದಲ್ಲಿ ಓದಿ ಬಂದವಳು. ಈಗಲೂ ಪ್ರತಿ ಸಲ ಹೊಸ ಪ್ರವೇಶ ಶುರುವಾಗುವ ಹೊತ್ತಿಗೆ ಹೊಸದಾಗಿ ಹೋದ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಪಾಠ ಕಷ್ಟ ಅಂತ ಯಾರೂ ಅಳುವುದಿಲ್ಲ. ಮನೆ ಸಿಗಲಿಲ್ಲ, ಖಾತೆ ತೆರೆಯಲು ಆಗುತ್ತಿಲ್ಲ, ಮಾತಾಡಲು ಯಾರೂ ಇಲ್ಲ ಅಂತ ಅಳುತ್ತಾರೆ. ಇದರಲ್ಲಿ ಮುಕ್ಕಾಲು ಪಾಲು ಕಷ್ಟ ಮೊದಲೇ ಗೊತ್ತಿದ್ದರೆ ತಪ್ಪಿಸಬಹುದಾದದ್ದು. ಅದಕ್ಕೇ ಈ ಪತ್ರ.

ದೊಡ್ಡ ಊರುಗಳಲ್ಲಿ ಹೊಸಬರಿಗೆ ಎದುರಾಗುವ ಮೊದಲ ಗಂಟು ವಿಳಾಸದ್ದು. ಬಾಡಿಗೆಗೆ ಮನೆ ಕೇಳಿದರೆ ಮಾಲೀಕರು ಅಲ್ಲಿನ ಬ್ಯಾಂಕ್ ಖಾತೆ, ಆದಾಯದ ಪುರಾವೆ, ಜೊತೆಗೆ ಅದೇ ದೇಶದಲ್ಲಿರುವ ಒಬ್ಬರ ಜಾಮೀನು ಕೇಳುತ್ತಾರೆ. ಬ್ಯಾಂಕಿಗೆ ಹೋದರೆ ವಿಳಾಸದ ಪುರಾವೆ ತನ್ನಿ ಅನ್ನುತ್ತಾರೆ. ವಿಳಾಸ ಬೇಕಾದರೆ ಮನೆ ಬೇಕು. ಜರ್ಮನಿಯಲ್ಲಂತೂ ಮನೆಗೆ ಹೋದ 14 ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರು ಬರೆದುಕೊಟ್ಟ ದೃಢೀಕರಣ ಪತ್ರ ಇರಲೇಬೇಕು, ಆ ನೋಂದಣಿ ಆದ ಮೇಲೇ ತೆರಿಗೆ ಸಂಖ್ಯೆ ಮನೆಗೆ ಬರುವುದು. ಜಪಾನಿನಲ್ಲೂ ವಿಳಾಸ ತಿಳಿಸಲು 14 ದಿನದ ಗಡುವು ಇದೆ. ಇದು ಗೊತ್ತಿಲ್ಲದೆ ಯಾರದೋ ಸ್ನೇಹಿತರ ಕೋಣೆಯಲ್ಲಿ ನೆಲದ ಮೇಲೆ ಮಲಗಿ ತಿಂಗಳು ಕಳೆದರೆ, ಆ ತಿಂಗಳು ಅಲ್ಲಿನ ಕಾಗದಪತ್ರದ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ತಾತ್ಕಾಲಿಕ ಕೋಣೆ ಹಿಡಿಯುವಾಗಲೇ "ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದಾ" ಅಂತ ಬರಹದಲ್ಲಿ ಕೇಳಿಕೊಳ್ಳಬೇಕು.

ಗಂಟು ಬಿಚ್ಚಲು ದಾರಿಯೂ ಇದೆ. ಬ್ರಿಟನ್ನಿನಲ್ಲಿ ಬ್ಯಾಂಕಿಗೆ ಕೊಡಲೆಂದೇ ವಿದ್ಯಾರ್ಥಿಯ ವಿಳಾಸ ಬರೆದ ಪತ್ರವನ್ನು ವಿಶ್ವವಿದ್ಯಾಲಯಗಳು ಕೊಡುತ್ತವೆ. ಫ್ರಾನ್ಸಿನಲ್ಲಿ ವಿಸಾಲ್ ಅನ್ನುವ ವ್ಯವಸ್ಥೆ ಇದೆ, ಜಾಮೀನು ನಿಲ್ಲಲು ಅಲ್ಲಿ ಯಾರೂ ಇಲ್ಲದ ವಿದ್ಯಾರ್ಥಿಗೆ ಅದೇ ಜಾಮೀನು ನಿಲ್ಲುತ್ತದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಇವೆಲ್ಲ ಕೇಳಿದವರಿಗೆ ಮಾತ್ರ ಸಿಗುತ್ತವೆ. ನಮ್ಮ ಮಕ್ಕಳು ಕೇಳಲು ಹಿಂಜರಿಯುತ್ತಾರೆ. ವಿದೇಶಿ ವಿದ್ಯಾರ್ಥಿಗಳಿಗೆಂದೇ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಇರುತ್ತದೆ, ಅಲ್ಲಿ ಕೂತವರ ಕೆಲಸವೇ ಇಂಥ ಪ್ರಶ್ನೆಗೆ ಉತ್ತರ ಕೊಡುವುದು. ಆದರೂ ಮೊದಲು ವಾಟ್ಸಾಪ್ ಗುಂಪಿಗೆ ಕೇಳುತ್ತಾರೆ, ಅಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಇನ್ನು ಮೋಸದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನನಗೆ ಬರುವ ಫೋನುಗಳಲ್ಲಿ ಎದೆ ಒಡೆಯುವಂಥವು ಇವೇ. ಹುಡುಗ ಇನ್ನೂ ಊರಲ್ಲೇ ಇರುತ್ತಾನೆ. ಆನ್‌ಲೈನಿನಲ್ಲಿ ಒಂದು ಮನೆಯ ಜಾಹೀರಾತು ಕಾಣುತ್ತದೆ: ಕಾಲೇಜಿಗೆ ಹತ್ತಿರ, ಬಾಡಿಗೆ ಕಡಿಮೆ, ಚಂದದ ಫೋಟೋಗಳು. ಮಾಲೀಕ ಅನ್ನಿಸಿಕೊಂಡವನು ತಾನು ಬೇರೆ ದೇಶದಲ್ಲಿದ್ದೇನೆ, ಮನೆ ತೋರಿಸಲು ಆಗುವುದಿಲ್ಲ, ಅಡ್ವಾನ್ಸ್ ಹಾಕಿದರೆ ಕೀ ಕೊರಿಯರ್ ಮಾಡುತ್ತೇನೆ ಅನ್ನುತ್ತಾನೆ. ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸುತ್ತಾನೆ, ಅದು ಇನ್ಯಾರೋ ಮೋಸಹೋದವರದ್ದು. ಇನ್ನೂ ಇಬ್ಬರು ಕೇಳುತ್ತಿದ್ದಾರೆ, ಇವತ್ತೇ ಹಾಕಿ ಅಂತ ಅವಸರ ಮಾಡುತ್ತಾನೆ. ದುಡ್ಡು ಹೋದ ಮೇಲೆ ಫೋನ್ ಎತ್ತುವುದಿಲ್ಲ. ಸಾಲ ಮಾಡಿ ಹೊಂದಿಸಿದ ದುಡ್ಡು ಅದು. ಮನೆಯವರಿಗೆ ಹೇಳಲಾರದೆ ಒಳಗೊಳಗೇ ಕುಗ್ಗಿಹೋದ ಮಕ್ಕಳನ್ನು ನಾನು ನೋಡಿದ್ದೇನೆ.

ದಯವಿಟ್ಟು ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ: ಕಣ್ಣಾರೆ ನೋಡದ ಮನೆಗೆ ಅಡ್ವಾನ್ಸ್ ಕೊಡಬೇಡಿ. ನಿಮಗೇ ನೋಡಲು ಆಗದಿದ್ದರೆ ಆ ಊರಿನಲ್ಲಿರುವ ಸೀನಿಯರ್ ಒಬ್ಬರು ಹೋಗಿ ನೋಡಲಿ. ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಹಾಕಿ, ಎಷ್ಟೋ ಕಡೆ ಅದಕ್ಕೂ ಮೊದಲೇ ಹಾಕಬಹುದು. ಮ್ಯೂನಿಕ್, ಬರ್ಲಿನ್‌ನಂಥ ಊರುಗಳಲ್ಲಿ ವಿದ್ಯಾರ್ಥಿ ನಿಲಯದ ಕೋಣೆಗೆ ಸೆಮಿಸ್ಟರ್‌ಗಟ್ಟಲೆ ಕಾಯಬೇಕಾಗುತ್ತದೆ. ನೆದರ್‌ಲ್ಯಾಂಡ್ಸಿನ ಕೆಲವು ವಿಶ್ವವಿದ್ಯಾಲಯಗಳು ಮನೆ ಗೊತ್ತಾಗದೆ ಬರಲೇಬೇಡಿ ಅಂತ ವಿದೇಶಿ ವಿದ್ಯಾರ್ಥಿಗಳಿಗೆ ನೇರವಾಗಿಯೇ ಹೇಳಿವೆ. ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ನಮ್ಮ ಕನ್ಸಲ್ಟೆನ್ಸಿಗಳು ಈ ಮಾತನ್ನು ಹೇಳುವುದನ್ನು ನಾನು ಕೇಳಿಲ್ಲ.

ಡೆಪಾಸಿಟ್ಟಿಗೂ ಕಾನೂನು ಇದೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಗೆ 5 ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವ ಹಾಗಿಲ್ಲ, 2019ರಿಂದ ಹೀಗೆ. ಅದನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ 30 ದಿನದೊಳಗೆ ಇಡಲೂಬೇಕು. ಜರ್ಮನಿಯಲ್ಲಿ ಹೆಚ್ಚೆಂದರೆ 3 ತಿಂಗಳ ಮೂಲ ಬಾಡಿಗೆ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಇಷ್ಟು ಗೊತ್ತಿದ್ದರೆ ಸಾಕು, ಮಾತಾಡುವ ಧೈರ್ಯ ಬರುತ್ತದೆ.

ಕೆಲಸದ ವಿಷಯದಲ್ಲಿ ನನ್ನ ಮಾತು ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೆ. ಪಾರ್ಟ್ ಟೈಮ್ ಮಾಡಿ ಸಾಲದ ಕಂತು ಕಟ್ಟುತ್ತಾನೆ ಅನ್ನುವ ಲೆಕ್ಕ ಹಾಕಿ ಮಕ್ಕಳನ್ನು ಕಳಿಸಬೇಡಿ. ತರಗತಿಗಳು ನಡೆಯುವಾಗ ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಕೆನಡಾದಲ್ಲಿ ಕ್ಯಾಂಪಸ್ ಹೊರಗೆ 24 ಗಂಟೆ, ಇದು 2024ರ ನವೆಂಬರ್‌ನಿಂದ ಬಂದ ನಿಯಮ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ ಒಟ್ಟು 48 ಗಂಟೆ. ಅಮೆರಿಕದಲ್ಲಿ ಮೊದಲ ವರ್ಷ ಕ್ಯಾಂಪಸ್ ಒಳಗೆ ಮಾತ್ರ, ಅದೂ 20 ಗಂಟೆ. ದೊಡ್ಡ ಊರಿನ ಬಾಡಿಗೆಯೇ ಇದನ್ನು ನುಂಗಿಬಿಡುತ್ತದೆ. ಕಂತಿನ ಒತ್ತಡ ಜಾಸ್ತಿಯಾದಾಗ ಹುಡುಗರು ಲೆಕ್ಕಕ್ಕೆ ಬಾರದ ನಗದು ಕೆಲಸಕ್ಕೆ ಇಳಿಯುತ್ತಾರೆ, ಊಟ ತಲುಪಿಸುವ ಆ್ಯಪ್‌ನಲ್ಲಿ ಇನ್ನೊಬ್ಬರ ಹೆಸರಿನ ಖಾತೆ ಹಿಡಿದು ಕೆಲಸ ಮಾಡುತ್ತಾರೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಅಂಥ ಸ್ವಯಂ ಉದ್ಯೋಗಕ್ಕೆ ಅವಕಾಶವೇ ಇಲ್ಲ. ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಓದೂ ಹೋಗುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಕಡಿಮೆ ಕೂಲಿಗೆ ದುಡಿಸಿಕೊಳ್ಳುವವರೂ ಈ ಭಯವನ್ನೇ ಹಿಡಿದು ಆಡಿಸುತ್ತಾರೆ.

ಆರೋಗ್ಯದ್ದು ಬೇಗ ಹೇಳಿಬಿಡುತ್ತೇನೆ. ಬ್ರಿಟನ್ನಿಗೆ ಹೋಗುವವರು ವೀಸಾ ಜೊತೆಗೇ ಆರೋಗ್ಯ ಸೇವೆಗೆ ದುಡ್ಡು ಕಟ್ಟಿರುತ್ತಾರೆ, ಆದರೆ ಹತ್ತಿರದ ವೈದ್ಯರಲ್ಲಿ ಹೆಸರು ನೋಂದಾಯಿಸುವುದು ತಮ್ಮದೇ ಕೆಲಸ ಅಂತ ಗೊತ್ತಿರುವುದಿಲ್ಲ. ಜ್ವರ ಬಂದ ಮೇಲೆ ಓಡಾಡುವ ಬದಲು ಮೊದಲ ವಾರವೇ ಮಾಡಿಸಿ. ತುರ್ತು ನಂಬರ್ ಯೂರೋಪಿನಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000.

ಕೊನೆಗೆ ಒಂಟಿತನ. ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಸೆಪ್ಟೆಂಬರ್‌ನಲ್ಲಿ ಹೋದವರಿಗೆ ಹೊಸತನದ ಖುಷಿ ಇಳಿಯುವ ಹೊತ್ತಿಗೇ ಈ ಕತ್ತಲೆ ಶುರುವಾಗುತ್ತದೆ. ಲಕ್ಷಾಂತರ ಜನರ ನಡುವೆ ದಿನಗಟ್ಟಲೆ ಯಾರೊಂದಿಗೂ ಮನಸ್ಸು ಬಿಚ್ಚಿ ಮಾತಾಡದೆ ಇರುವುದು ಎಷ್ಟು ಭಾರ ಅಂತ ಅನುಭವಿಸಿದವರಿಗೇ ಗೊತ್ತು. ನಮ್ಮ ಭಾಷೆಯವರ ಜೊತೆಗೇ ಇರಬೇಡಿ, ಬೇರೆಯವರೊಡನೆ ಬೆರೆಯಿರಿ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮೊದಲ ದಿನಗಳಲ್ಲಿ ನಮ್ಮ ಮಾತಾಡುವವರು ಸಿಕ್ಕರೆ ಅದು ದೊಡ್ಡ ಆಸರೆ, ಅದನ್ನು ಬಿಡಬೇಡಿ. ಅದರ ಜೊತೆಗೆ ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತಿಗೆ ಹೋಗುವ ಇನ್ನೊಂದು ಜಾಗ ಇಟ್ಟುಕೊಳ್ಳಿ. ಆಟವೋ, ಹಾಡಿನ ಗುಂಪೋ, ಸ್ವಯಂಸೇವೆಯೋ ಯಾವುದಾದರೂ ಸರಿ. ಒಂದೇ ಮುಖವನ್ನು ಮತ್ತೆ ಮತ್ತೆ ನೋಡಿದಾಗಲೇ ಪರಿಚಯ ಬೆಳೆಯುವುದು, ಅಲ್ವಾ?

ಮನೆಯವರು ದಿನಾ ಫೋನ್ ಮಾಡಿ "ಎಲ್ಲಾ ಚೆನ್ನಾಗಿದೆ ತಾನೇ" ಅಂತ ಕೇಳಿದರೆ ಮಗು ಹೂಂ ಅನ್ನದೆ ಇನ್ನೇನು ಹೇಳೀತು? ಇವತ್ತು ಯಾರ ಜೊತೆ ಊಟ ಮಾಡಿದೆ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿ. ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಆಪ್ತ ಸಮಾಲೋಚಕರು ಇರುತ್ತಾರೆ, ಅಲ್ಲಿಗೆ ಹೋದರೆ ಅಂಕಕ್ಕೂ ವೀಸಾಕ್ಕೂ ತೊಂದರೆ ಆಗುವುದಿಲ್ಲ ಅಂತ ನೀವೇ ಹೇಳಿ.

ಸಂಪಾದಕರೇ, ಆಗಸ್ಟ್ ಮತ್ತು ಜನವರಿಗೆ ಮುಂಚೆ, ಮಕ್ಕಳು ಹೊರಡುವ ಹೊತ್ತಿಗೆ, ಇದಕ್ಕೆಂದೇ ಪುರವಣಿಯಲ್ಲಿ ಒಂದು ಪುಟ ಕೊಡಿ. ಅಲ್ಲಿ ಓದಿ ಕೆಲಸ ಹಿಡಿದವರ ಫೋಟೋ ಈಗಾಗಲೇ ಬೇಕಾದಷ್ಟು ಹಾಕಿದ್ದೀರಿ. ಈ ಸಲ ಮೊದಲ ವರ್ಷದಲ್ಲೇ ವಾಪಸ್ ಬಂದವರನ್ನೂ ಮಾತಾಡಿಸಿ, ಬೇಕಾದರೆ ಹೆಸರು ಹಾಕಬೇಡಿ. ಅಂಥ ಕೆಲವರು ನನಗೆ ಗೊತ್ತು. ಕೇಳುವವರಿದ್ದರೆ ಅವರು ಹೇಳಲು ತಯಾರಿದ್ದಾರೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು