ಶಿರಾಡಿ ಘಾಟಿಯ ಲಾರಿ ಅಣ್ಣನಿಗೆ

ಸಕಲೇಶಪುರ ದಾಟಿ ಸ್ವಲ್ಪ ದೂರ ಬಂದಿದ್ದೆವು. ವ್ಯಾನಿನ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಕೆಳಗೆ ಆಯಿಲ್ ಸುರಿಯುತ್ತಿತ್ತು. ಪವರ್ ಸ್ಟೀರಿಂಗ್ ಹೋಸ್ ಒಡೆದಿತ್ತು. ಒಳಗೆ ಅಮ್ಮ, ಇಬ್ಬರು ಮಕ್ಕಳು.

ಲಾರಿ ನಿಲ್ಲಿಸಿ ಇಳಿದು ಬಂದಿರಲ್ಲ ಅಣ್ಣಾ, ನಿಮ್ಮ ಹೆಸರನ್ನೂ ನಾನು ಕೇಳಲಿಲ್ಲ. ಸಾದಾ ರಬ್ಬರ್ ಪೈಪ್ ಹಾಕಿ ಕ್ಲಾಂಪ್ ಬಿಗಿಯೋಣ ಅಂದೆ. "ಬೇಡ, ಇದು ಪಂಪಿನಿಂದ ಬರೋ ಪ್ರೆಶರ್ ಲೈನ್. ಘಾಟಿ ಇಳಿಯುವಾಗ ಕಿತ್ತುಕೊಳ್ಳುತ್ತೆ" ಎಂದು ತಡೆದಿರಿ. ಲಾರಿಯಲ್ಲೇ ಕೂರಿಸಿಕೊಂಡು ಪೇಟೆಗೆ ಹೋಗಿ ಸರಿಯಾದ ಹೋಸ್ ಕೊಡಿಸಿದಿರಿ. ಹೊಸ ತಾಮ್ರದ ವಾಷರ್ ಹಾಕಿದಿರಿ. ಮುಂದಿನ ಚಕ್ರ ಜಾಕ್ ಕೊಟ್ಟು ಎತ್ತಿ, ಆಯಿಲ್ ತುಂಬುತ್ತಾ, ಗಾಳಿಗುಳ್ಳೆ ನಿಲ್ಲುವ ತನಕ ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಿದಿರಿ.

ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಅಮ್ಮ ದೀಪ ಹಚ್ಚುವಾಗ ಇವತ್ತಿಗೂ ನಿಮ್ಮನ್ನು ನೆನೆಯುತ್ತಾರೆ.